ಭಾನುವಾರ ಚೆನ್ನಾಗಿರುವ ಕೋಳಿ

ನಾನು ವಿಮಾ ಕಂಪನಿಯೊಂದರ ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡುವವಳು. ಕಾರು ತಾನಾಗಿಯೇ ಹೋಗಿ ಕಂಬಕ್ಕೆ ಗುದ್ದಿತು, ಗೋಡೌನಿಗೆ ತಾನಾಗಿಯೇ ಬೆಂಕಿ ಹತ್ತಿತು ಎಂದು ಹೇಳುವವರ ನಡುವೆ ನನ್ನ ಹಗಲು ಕಳೆಯುತ್ತದೆ. ಆದ್ದರಿಂದ ನಮ್ಮ ಹಿತ್ತಲಿನ ಕೋಳಿಗೆ ತಾನಾಗಿಯೇ ಮೈ ಸರಿಯಿಲ್ಲ ಎಂದು ನಮ್ಮತ್ತೆ ಹೇಳಿದಾಗ ನಾನು ಒಪ್ಪಲಿಲ್ಲ. ತಾನಾಗಿಯೇ ಏನೂ ಆಗುವುದಿಲ್ಲ. ಯಾರೋ ಏನೋ ಮಾಡಿರುತ್ತಾರೆ, ಆಮೇಲೆ ಏನೂ ಅರಿಯದವರ ಹಾಗೆ ನಿಂತಿರುತ್ತಾರೆ.

ಕೋಳಿಯ ಸ್ಥಿತಿ ಹೀಗಿತ್ತು. ನುಗ್ಗೆ ಮರದ ಬುಡದಲ್ಲಿ ಪುಕ್ಕ ಉಬ್ಬಿಸಿಕೊಂಡು ಕೂತಿರುತ್ತಿತ್ತು. ಎದ್ದರೆ ತೂರಾಡುತ್ತಿತ್ತು. ಜುಟ್ಟು ಬಿಳಿಚಿಕೊಂಡಿತ್ತು. ಮುಂದೆ ಕಾಳು ಚೆಲ್ಲಿದರೆ ಒಂದೆರಡು ಹೆಕ್ಕಿ, ಮೂರನೆಯದಕ್ಕೆ ಕೊಕ್ಕು ಬಗ್ಗಿಸಿದ್ದು ಹಾಗೆಯೇ ತೂಕಡಿಸುತ್ತಿತ್ತು. ನಮ್ಮ ಆಫೀಸಿನಲ್ಲಿ ಊಟದ ನಂತರ ಹಲವರು ಹೀಗೆಯೇ ಇರುತ್ತಾರೆ, ಆದರೆ ಅವರ ಮೇಲೆ ಯಾರೂ ಹರಕೆ ಹೊತ್ತಿಲ್ಲ.

ಈ ಕೋಳಿಯ ಮೇಲೆ ಹರಕೆ ಇತ್ತು. ಕಳೆದ ವರ್ಷ ವಿ.ವಿ. ಪುರಂನ ಒಂದು ಮದುವೆ ಹಾಲ್‌ನಲ್ಲಿ ಎಲೆಯ ಮುಂದೆ ಕೂತಿದ್ದ ನಮ್ಮ ಮಾವ ದೊಡ್ಡಬೈರಪ್ಪನವರು ಹೋಳಿಗೆ ಮುರಿಯುತ್ತಾ ಮುರಿಯುತ್ತಾ ಪಕ್ಕದವರ ಎಲೆಯ ಮೇಲೆ ಒರಗಿಬಿಟ್ಟರು. ಬಿ.ಪಿ. ಏರಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ನಮ್ಮತ್ತೆ ಸುಬ್ಬಮ್ಮ ನನ್ನ ಎದುರಿಗೇ ಸೆರಗೊಡ್ಡಿ, ಮಾಗಡಿ ಕಡೆಯ ತಮ್ಮ ತವರಿನ ಮಾರಮ್ಮನಿಗೆ, ಇವರನ್ನು ಎಬ್ಬಿಸಿ ಕೂರಿಸಿದರೆ ಒಂದು ಕೋಳಿ ಕೊಡುತ್ತೇನೆ ಎಂದು ಹೇಳಿಕೊಂಡರು. ಮಾವ ಎದ್ದು ಕೂತರು. ಡಾಕ್ಟರು ಇದು ತಮ್ಮ ಔಷಧಿಯಿಂದ ಎಂದುಕೊಂಡರು. ಅತ್ತೆ ಅವರ ಮನಸ್ಸು ನೋಯಿಸಲಿಲ್ಲ.

ಹರಕೆ ಕೋಳಿಗೆ ಕಾನೂನುಗಳಿವೆ. ಅಂಗಡಿಯಿಂದ ತಂದು ಕೊಟ್ಟರೆ ಅದು ಹರಕೆಯಲ್ಲ, ವ್ಯಾಪಾರ. ಮನೆಯ ಕಾಳು ತಿಂದು ಬೆಳೆದಿರಬೇಕು. ಅದಕ್ಕೇ ಅತ್ತೆ ತಮ್ಮನ ತೋಟದಿಂದ ಒಂದು ಕೋಳಿ ಪಿಳ್ಳೆ ತಂದು, ಕಾಲಿಗೆ ಅರಿಶಿನದ ದಾರ ಕಟ್ಟಿ ಹಿತ್ತಲಿಗೆ ಬಿಟ್ಟರು. ದಾರ ಕಟ್ಟಿದ ಮೇಲೆ ಅದು ನಮ್ಮದಲ್ಲ, ಅಮ್ಮನದು. ಅದಕ್ಕೆ ಹೆಸರಿಡಬಾರದು. ಅದರ ಬದಲು ಬೇರೆ ಕೋಳಿ ಕೊಡುವ ಹಾಗಿಲ್ಲ. ಊನವಿರಬಾರದು, ಕಾಯಿಲೆ ಇರಬಾರದು. ಇನ್ನು ಕೊಡುವ ದಿನಕ್ಕೆ ಮುಂಚೆಯೇ ಸತ್ತುಹೋದರೆ, ಅಮ್ಮ ಹರಕೆಯನ್ನು ಒಲ್ಲೆ ಎಂದಳು ಎಂದರ್ಥ. ಎಬ್ಬಿಸಿದವಳು ಮತ್ತೆ ಮಲಗಿಸುತ್ತಾಳೆ. ಯುಗಾದಿಯ ಹಿಂದಿನ ಮಂಗಳವಾರ ಕೊಡುವುದು ಎಂದು ನಿಶ್ಚಯವಾಗಿತ್ತು. ಕೋಳಿ ಮಂಕಾದದ್ದು ಶಿವರಾತ್ರಿ ಆಸುಪಾಸಿನಲ್ಲಿ. ಅಂದಿನಿಂದ ಅತ್ತೆಯ ಮುಖದಲ್ಲಿ ರಕ್ತವಿರಲಿಲ್ಲ. ಅವರು ಕೋಳಿಯನ್ನು ನೋಡುತ್ತಿರಲಿಲ್ಲ, ಕೋಳಿಯಲ್ಲಿ ಗಂಡನನ್ನು ನೋಡುತ್ತಿದ್ದರು.

ನಾನೂ ಇವರ ಜನವೇ. ಆದರೆ ನಾನು ಬೆಳೆದದ್ದು ಹನುಮಂತನಗರದ ಮೂರನೇ ಮಹಡಿಯಲ್ಲಿ, ಕೋಳಿ ಎಂದರೆ ನಮಗೆ ಕವರಿನಲ್ಲಿ ಬರುವ ವಸ್ತು. ಮದುವೆಯಾಗಿ ಚಾಮರಾಜಪೇಟೆಯ ಈ ಹಳೇ ಮನೆಗೆ ಬಂದ ಮೇಲೆಯೇ ಅದಕ್ಕೆ ಕಣ್ಣುಗಳಿವೆ ಎಂದು ತಿಳಿದದ್ದು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ವಾದ. ನನ್ನ ಗಂಡ ಶಶಿಕುಮಾರ್ ಕಾಟನ್‌ಪೇಟೆಯಲ್ಲಿ ಪೈಪು, ನಲ್ಲಿಗಳ ಅಂಗಡಿ ಇಟ್ಟಿದ್ದಾನೆ. ಅವನ ಪ್ರಕಾರ ಕಾರಣ ಬಿಸಿಲು. ವ್ಯಾಪಾರ ಕುಸಿದರೂ ಬಿಸಿಲು, ನನಗೆ ಸಿಟ್ಟು ಬಂದರೂ ಬಿಸಿಲು. ಅತ್ತೆಯ ಪ್ರಕಾರ ದೃಷ್ಟಿ. ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ಮನೆಯವರೆಲ್ಲ ಕೆಮ್ಮಿದೆವು, ಕೋಳಿ ಕೆಮ್ಮಲಿಲ್ಲ.

ಮಾವ ಏನೂ ಹೇಳಲಿಲ್ಲ. ಅವರದು ಮೊದಲೇ ಮಾತು ಕಡಿಮೆ. ಕಟ್ಟಡ ಕಂಟ್ರಾಕ್ಟರ್ ಆಗಿದ್ದವರು. ಜೀವನವಿಡೀ ಆಳುಗಳಿಗೆ ಕೂಗಿ ಕೂಗಿ ಮಾತು ಮುಗಿದುಹೋಗಿದೆ ಎಂದು ಅತ್ತೆ ಹೇಳುತ್ತಾರೆ. ಶಿವರಾತ್ರಿ ಹೊತ್ತಿಗೆ ಸೆಕೆ ಶುರುವಾದಾಗಿನಿಂದ ಮಧ್ಯಾಹ್ನದ ಊಟವನ್ನು ಹಿತ್ತಲ ಮೆಟ್ಟಿಲ ಮೇಲೆ ಒಬ್ಬರೇ ಕೂತು ಮಾಡುತ್ತಾರೆ. ಊಟ ಮುಗಿಸಿ, ತಟ್ಟೆ ಒಳಗಿಟ್ಟು, ಕೋಳಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಇಬ್ಬರೂ ತೂಕಡಿಸುತ್ತಾರೆ.

ಅವರ ಮಾತ್ರೆಯದೇ ಒಂದು ಕತೆ. ದಿನಾ ಬಿ.ಪಿ. ಮಾತ್ರೆ ತಪ್ಪಬಾರದು, ಇನ್ನೊಂದು ಸಲ ಹೀಗಾದರೆ ತಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮಾವ ಮನೆಗೆ ಬಂದ ಮೊದಲ ದಿನವೇ ಮಾತ್ರೆಯನ್ನು ಮುಟ್ಟುವುದಿಲ್ಲ ಎಂದರು.

"ಒಂದ್ ಕೆಲ್ಸಕ್ಕೆ ಇಬ್ರು ಕಂಟ್ರಾಕ್ಟ್ರು ಇಡಬಾರ್ದು," ಎಂದರು. "ಒಂದೋ ಅಮ್ಮ, ಇಲ್ಲ ಡಾಕ್ಟ್ರು. ಅಮ್ಮ ಆಗ್ಲೇ ಎಬ್ಬಿಸಿ ಕೂರಿಸವಳೆ. ಈಗ ಮಾತ್ರೆ ನುಂಗಿದ್ರೆ ಅವಳ ಮೇಲೆ ನಂಬ್ಕೆ ಇಲ್ಲ ಅಂದಂಗಾಯ್ತದೆ."

ಆದರೆ ಅತ್ತೆಗೆ ಅಮ್ಮನೂ ಬೇಕು, ಡಾಕ್ಟರೂ ಬೇಕು. ಅವರು ಜಗಳ ಮಾಡಲಿಲ್ಲ, ಮುದ್ದೆ ಮಾಡಿದರು. ನಮ್ಮಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ನುಂಗುವುದು. ಅಗಿದವನನ್ನು ಬೇರೆ ಊರಿನವನು ಎಂದು ತಿಳಿಯುತ್ತಾರೆ. ಮುದ್ದೆಯ ನೆತ್ತಿಯ ಮೇಲೆ ಹೆಬ್ಬೆರಳಿನಿಂದ ಒಂದು ಕುಳಿ ಒತ್ತಿ ಅದರಲ್ಲಿ ತುಪ್ಪ ಬಿಡುತ್ತಾರೆ. ಮಾವ ಯಾವಾಗಲೂ ಊಟ ಶುರು ಮಾಡುವುದು ಆ ತುಪ್ಪದ ತುದಿಯಿಂದಲೇ. ಅತ್ತೆ ಮಾತ್ರೆಯನ್ನು ಕುಳಿಯ ಅಡಿಗೆ ಒತ್ತಿ, ಮೇಲೆ ತುಪ್ಪ ಬಿಟ್ಟು ಕಳಿಸುತ್ತಿದ್ದರು. ಮೊದಲ ತುತ್ತಿನಲ್ಲೇ ಕೆಲಸ ಮುಗಿಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮಾವ ನುಂಗುವುದನ್ನು ನೋಡುತ್ತಾ ನಿಂತರೆ ತಮ್ಮ ಮುಖವೇ ಗುಟ್ಟು ಬಿಟ್ಟುಕೊಡುತ್ತದೆ ಎಂದು ಅತ್ತೆ ತಟ್ಟೆ ಇಟ್ಟು ತಕ್ಷಣ ಒಳಗೆ ಬಂದುಬಿಡುತ್ತಿದ್ದರು. ಇದನ್ನು ನನಗೂ ಶಶಿಗೂ ಹೇಳಿದ್ದರು. ಬೇರೆಯವರ ಮೋಸ ಹಿಡಿದು ಸಂಬಳ ತೆಗೆದುಕೊಳ್ಳುವ ನಾನು ಈ ಮೋಸವನ್ನು ಮನಸಾರೆ ಮೆಚ್ಚಿಕೊಂಡಿದ್ದೆ.

ಈಗ ಕೋಳಿಗೆ ಬರೋಣ. ಕ್ಲೇಮ್ ವಿಭಾಗದಲ್ಲಿ ಮೊದಲು ಕೇಳುವ ಪ್ರಶ್ನೆ, ಇದರಿಂದ ಯಾರಿಗೆ ಲಾಭ ಎಂದು. ಕೋಳಿಗೆ ಕಾಯಿಲೆಯಾದರೆ ಅದನ್ನು ಕೊಯ್ಯುವ ಹಾಗಿಲ್ಲ. ಕೊಯ್ಯಬಾರದು ಎನ್ನುವವರು ಯಾರು? ಪಕ್ಕದ ಮನೆಯ ಶೈಲಜಮ್ಮ. ಅವರ ಮನೆಯಲ್ಲಿ ಈರುಳ್ಳಿಯೂ ಬಾರದು. ಆದರೂ ಪಿಳ್ಳೆ ಬಂದ ದಿನದಿಂದ ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿಕೊಂಡು ಅದನ್ನು ನೋಡುವುದು ಅವರಿಗೆ ಅಭ್ಯಾಸವಾಗಿತ್ತು. ಒಂದು ಸಂಜೆ ನಾನು ಆಫೀಸಿನಿಂದ ಬಂದವಳು ಬ್ಯಾಗೂ ಇಳಿಸದೆ ಗೋಡೆಯ ಬಳಿ ಹೋದೆ.

"ಶೈಲಜಮ್ಮ, ಕೋಳಿ ಯಾಕೋ ಮಂಕಾಗಿದೆ," ಎಂದೆ, ಅಷ್ಟೇ.

"ನಾನೇನೂ ಹಾಕಿಲ್ಲ ಕಣ್ರೀ," ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಸುಮ್ಮನೆ ನೋಡುತ್ತಾ ನಿಂತೆ. ಸುಮ್ಮನಿದ್ದರೆ ಜನ ತಾವೇ ಹೇಳುತ್ತಾರೆ, ಇದು ನನ್ನ ಕೆಲಸದ ಅನುಭವ.

"ಗುರುವಾರ ಗುರುವಾರ ಸ್ವಲ್ಪ ಕೋಸಂಬರಿ ಹಾಕ್ತೀನಿ. ರಾಯರ ಪೂಜೆದು. ಅದೂ ಉಪ್ಪು ಹಾಕೋಕ್ಕೆ ಮುಂಚೆ," ಎಂದರು. ಆಮೇಲೆ ದನಿ ತಗ್ಗಿಸಿದರು. "ನಿಮಗೆ ಬೇಜಾರಾಗಬಾರದು ವಾಣಿ. ಅದು ಉಳ್ಕೊಂಡ್ರೆ ಮಂತ್ರಾಲಯಕ್ಕೆ ಬರ್ತೀನಿ ಅಂತ ನಾನೂ ಹೇಳ್ಕೊಂಡಿದೀನಿ."

ಹೀಗೆ ಒಂದು ಕೋಳಿಯ ಮೇಲೆ ಎರಡು ಹರಕೆಗಳಾದವು. ಒಂದು ಅದು ಹೋಗಲು, ಒಂದು ಅದು ಉಳಿಯಲು. ಕೋಳಿಯನ್ನು ಕೇಳಿ ಖಾರ ಅರೆಯುವುದಿಲ್ಲ ಎನ್ನುತ್ತಾರೆ, ಹರಕೆಯನ್ನೂ ಕೇಳಿ ಹೊರುವುದಿಲ್ಲ. ಆದರೆ ವಾರಕ್ಕೊಮ್ಮೆ ತಿಂದ ಹೆಸರುಬೇಳೆಯಿಂದ ದಿನಾ ತೂಕಡಿಸಲು ಸಾಧ್ಯವಿಲ್ಲ. ನಾನು ಶೈಲಜಮ್ಮನವರನ್ನು ಬಿಟ್ಟುಬಿಟ್ಟೆ.

ಶುಕ್ರವಾರ ಸಂಜೆ ಕೋಳಿಯನ್ನು ತರಕಾರಿ ಬುಟ್ಟಿಯಲ್ಲಿ ಕೂರಿಸಿಕೊಂಡು ಹನುಮಂತನಗರದ ಒಂದು ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಬರುವುದೆಲ್ಲ ನಾಯಿ, ಬೆಕ್ಕು. ಬಾಗಿಲಲ್ಲಿದ್ದ ಹುಡುಗಿ ಹೆಸರು ಕೇಳಿದಳು. ಹೆಸರಿಲ್ಲ ಎಂದೆ. ನಿಮ್ಮ ಮನೆಯವರ ಹೆಸರು ಎಂದಳು. ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಎಲ್ಲರಿಗೂ ಕೇಳುವ ಹಾಗೆ "ಕೋಳಿ ಶಶಿಕುಮಾರ್" ಎಂದು ಕೂಗಿದಳು. ಎದ್ದು ಹೋದೆ. ನಾಯಿಗಳೂ ಅವುಗಳ ಮಾಲೀಕರೂ ಗೌರವದಿಂದ ದಾರಿ ಬಿಟ್ಟರು.

ಡಾಕ್ಟರ್ ನಂದಿತಾ ವಯಸ್ಸಿನಲ್ಲಿ ಚಿಕ್ಕವರು, ಅವಸರವಿಲ್ಲದವರು. ಕಣ್ಣು, ಕೊಕ್ಕು, ಹೊಟ್ಟೆ ಎಲ್ಲ ನೋಡಿ, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಹುಳ ಇಲ್ಲ. ಮೊಟ್ಟೆ ಸಿಕ್ಕಾಕೊಂಡಿಲ್ಲ. ಜ್ವರ ಇಲ್ಲ," ಎಂದರು. "ಆದರೆ ಕೋಳಿ ಎದೆಬಡಿತ ಎಣಿಸೋಕೆ ಆಗೋದೇ ಕಷ್ಟ, ಅಷ್ಟು ಸ್ಪೀಡು. ಇದರದ್ದು ನಾನು ಆರಾಮಾಗಿ ಎಣಿಸ್ತಿದೀನಿ. ಏನೋ ಔಷಧಿ ಹೊಟ್ಟೆಗೆ ಹೋಗಿರೋ ಹಾಗಿದೆ."

"ಯಾರಾದ್ರೂ ವಿಷ ಹಾಕಿರಬಹುದಾ?"

"ವಿಷ ಆಗಿದ್ರೆ ಇಷ್ಟು ದಿನ ಇರ್ತಿರಲಿಲ್ಲ. ಸ್ವಲ್ಪ ಸ್ವಲ್ಪ ಹೋಗ್ತಿದೆ. ಇದಕ್ಕೆ ಯಾರು ಏನು ಕೊಡ್ತಾರೆ, ನೋಡಿ. ನಾನು ಚುಚ್ಚೋದಕ್ಕಿಂತ ನೀವು ನೋಡೋದು ಮುಖ್ಯ."

ನನಗೆ ಬೇಕಾದದ್ದು ಇದೇ ಮಾತು. ಬುಟ್ಟಿ ಎತ್ತಿಕೊಂಡು ಮನೆಗೆ ಬಂದೆ. ಯಾರೋ ಮಾಡುತ್ತಿದ್ದಾರೆ, ದಿನಾ ಮಾಡುತ್ತಿದ್ದಾರೆ, ಮನೆಯ ಒಳಗಿನವರೇ ಮಾಡುತ್ತಿದ್ದಾರೆ.

ಭಾನುವಾರ ಬೆಳಗ್ಗೆ ಬಟ್ಟೆ ಒಗೆಯಲು ಹಿತ್ತಲಿಗೆ ಹೋದರೆ ಕೋಳಿ ಒಂದು ಬೆಕ್ಕನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಜುಟ್ಟಿಗೆ ಸ್ವಲ್ಪ ಬಣ್ಣ ಬಂದಿತ್ತು. ಆಗ ನೆನಪಾಯಿತು, ಹಿಂದಿನ ಭಾನುವಾರವೂ ಬೆಳಗ್ಗೆ ಅದು ಚೆನ್ನಾಗಿಯೇ ಇತ್ತು. ಅದಕ್ಕೂ ಹಿಂದಿನ ಭಾನುವಾರ "ಏನೂ ಆಗಿಲ್ಲ ಅತ್ತೆ, ನಿಮ್ಮ ಭ್ರಮೆ" ಎಂದು ನಾನೇ ಅವರನ್ನು ಗದರಿದ್ದೆ. ಸಂಜೆಯ ಹೊತ್ತಿಗೆ ಅದು ಮತ್ತೆ ನುಗ್ಗೆ ಬುಡ ಸೇರಿತ್ತು. ವಾರದ ಉಳಿದ ದಿನ ನಾನು ಆಫೀಸಿನಲ್ಲಿರುತ್ತೇನೆ, ಕತ್ತಲಾದ ಮೇಲೆ ಬರುತ್ತೇನೆ. ಭಾನುವಾರ ಚೆನ್ನಾಗಿರುವ ಕಾಯಿಲೆ ಯಾವುದು?

ಒಗೆಯುವ ಕಲ್ಲಿನ ಮೇಲೆ ಸೀರೆ ಬಿಟ್ಟು ಯೋಚಿಸಿದೆ. ಭಾನುವಾರ ಚೆನ್ನಾಗಿದ್ದರೆ ಶನಿವಾರ ಏನೋ ತಪ್ಪಿದೆ. ಶನಿವಾರ ಮಾವನದು ಒಪ್ಪತ್ತು. ಮಧ್ಯಾಹ್ನ ಬರೀ ಉಪ್ಪಿಟ್ಟು, ಬಾಳೆಹಣ್ಣು. ಶನಿವಾರ ನಮ್ಮ ಮನೆಯಲ್ಲಿ ಮುದ್ದೆ ತೊಳಸುವುದಿಲ್ಲ.

ಮುದ್ದೆ ಇಲ್ಲದ ದಿನ ಮಾತ್ರೆ ಅಡಗಿಸಲು ಜಾಗವೂ ಇಲ್ಲ.

ಅಂದು ಮಧ್ಯಾಹ್ನ ಅತ್ತೆ ಎಂದಿನಂತೆ ಮುದ್ದೆ ಕಟ್ಟಿ, ಕುಳಿ ಒತ್ತಿ, ಸಾರಿನ ಬಟ್ಟಲಿನ ಜೊತೆ ಹಿತ್ತಲ ಮೆಟ್ಟಿಲ ಮೇಲೆ ಇಟ್ಟು ಒಳಗೆ ಬಂದರು. ನಾನು ಬಚ್ಚಲಿನ ಕಿಟಕಿಯ ಬಳಿ ನಿಂತೆ. ಕಾರುಗಳ ಡೆಂಟು ನೋಡಲು ಎಷ್ಟೋ ಗ್ಯಾರೇಜುಗಳಿಗೆ ಹೋಗಿದ್ದೇನೆ, ಸ್ವಂತ ಮಾವನನ್ನು ಬಚ್ಚಲಿನಿಂದ ನೋಡಿದ್ದು ಅದೇ ಮೊದಲು.

ಮಾವ ಕೈ ತೊಳೆದರು. ಮುದ್ದೆಯ ನೆತ್ತಿಯನ್ನು, ತುಪ್ಪ ಇದ್ದ ಜಾಗವನ್ನು, ಹುಷಾರಾಗಿ ಮುರಿದು ಉಂಡೆ ಮಾಡಿದರು. ಅದನ್ನು ಸಾರಿಗೆ ಅದ್ದಲಿಲ್ಲ. ಖಾರ ಇರುತ್ತದಲ್ಲ. ಅಂಗೈ ಮೇಲಿಟ್ಟು ಕೆಳಗೆ ಚಾಚಿದರು. ಕೋಳಿ ಕರೆಯದೆಯೇ ಬಂದು ನಿಂತಿತು.

"ತಿನ್ನವ್ವ," ಎಂದರು. ಆ ದನಿಯಲ್ಲಿ ಅವರು ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ. "ಮೊದ್ಲನೇ ತುತ್ತು ನಿಂದೇಯ. ನನ್ನ ಬದ್ಲಿ ಹೋಗೋಳು ನೀನು. ನಿನ್ನ ಬಿಟ್ಟು ನಾನು ಮೊದ್ಲು ತಿನ್ನಕಾಯ್ತದಾ."

ಬಾಗಿಲು ತೆಗೆದು ಓಡಬೇಕಿತ್ತು. ಓಡಲಿಲ್ಲ. ಕೋಳಿ ಉಂಡೆಯನ್ನು ಎರಡು ಸಲ ಕುಟುಕಿ, ಕತ್ತು ಉದ್ದ ಮಾಡಿ ನುಂಗಿತು. ಕೋಳಿಯೂ ಮುದ್ದೆ ಅಗಿಯುವುದಿಲ್ಲ.

ಅಡುಗೆಮನೆಗೆ ಹೋದೆ. ಅತ್ತೆ ಮುದ್ದೆಯ ಪಾತ್ರೆಯ ತಳ ಕೆರೆಯುತ್ತಿದ್ದರು. ನೋಡಿದ್ದನ್ನು ಹೇಳಿದೆ, ಮಾವ ಆಡಿದ ಮಾತನ್ನೂ ಹೇಳಿದೆ. ಅವರ ಕೈ ನಿಂತಿತು.

"ಹಂಗಾದ್ರೆ ಇಷ್ಟು ದಿನ ಅವರ ಹೊಟ್ಟೆಗೆ?"

"ಮೆಟ್ಟಿಲ ಮೇಲೆ ಉಣ್ಣೋಕೆ ಶುರು ಮಾಡಿದಾಗಿಂದ ಒಂದೂ ಹೋಗಿಲ್ಲ ಅತ್ತೆ."

ಅತ್ತೆ ಪಾತ್ರೆ ಹಿಡಿದುಕೊಂಡೇ ನೆಲದ ಮೇಲೆ ಕೂತರು. ಕೋಳಿಯ ಕಾಯಿಲೆಗೆ ಕಾರಣ ಸಿಕ್ಕಿತ್ತು. ಅದರಿಂದ ಯಾರಿಗೂ ಸಮಾಧಾನವಾಗಲಿಲ್ಲ. ಮಾತ್ರೆ ತಿಂದ ಕೋಳಿ ತೂಕಡಿಸುತ್ತಿತ್ತು. ಮಾತ್ರೆ ತಿನ್ನದ ಮಾವ ಪಕ್ಕದಲ್ಲೇ ತೂಕಡಿಸುತ್ತಿದ್ದರು, ಅದನ್ನು ನಾವು ಗುಣಮುಖ ಎಂದುಕೊಂಡಿದ್ದೆವು. ನನಗೆ ನನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು, ಭಯವೂ ಆಯಿತು.

ಅತ್ತೆ ಎದ್ದು ಮೆಟ್ಟಿಲಿಗೆ ಹೋದರು. ಮಾವ ಇನ್ನೂ ಉಣ್ಣುತ್ತಿದ್ದರು.

"ನಿಮ್ಮ ಮುದ್ದೇಲಿ ನಾನು ಮಾತ್ರೆ ಇಕ್ತಿದ್ದೆ," ಎಂದರು. "ತುಪ್ಪದ ಕೆಳಗೆ. ನೀವು ಅದ್ನ ಕೋಳಿಗೆ ಇಕ್ತಿದ್ದೀರಿ."

ಹೆಂಡತಿ ಮೋಸ ಮಾಡಿದಳು ಎಂದು ಮಾವ ರೇಗುತ್ತಾರೆಂದು ನಾವೆಲ್ಲ ಕಾದೆವು. ಅವರು ಹೆಂಡತಿಯ ಕಡೆ ನೋಡಲೇ ಇಲ್ಲ. ನುಗ್ಗೆ ಬುಡದ ಕಡೆ ನೋಡಿದರು.

"ನಾನಾ ಅದ್ಕೆ ಹಿಂಗ್ ಮಾಡಿದ್ದು?" ಎಂದರು.

ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಶಶಿ ಬಿ.ಪಿ. ಮೆಷಿನ್ ತಂದ. ಅದನ್ನು ಕೊಂಡಾಗಿನಿಂದ ಮಾವ ಹತ್ತಿರ ಸೇರಿಸಿರಲಿಲ್ಲ. ಅಂದು ತಾವೇ ತೋಳು ಚಾಚಿದರು. ಮೆಷಿನ್ ಗುರ್ರೆಂದು ನಿಂತ ಮೇಲೆ ಶಶಿ ಅದನ್ನು ನೋಡಿ, ಇನ್ನೊಂದು ಸಲ ಹಾಕಿ ನೋಡಿ, ಯಾರಿಗೂ ಓದಿ ಹೇಳದೆ ಡಾಕ್ಟರಿಗೆ ಫೋನ್ ಮಾಡಿದ. ಬಿಸಿಲು ಎನ್ನಲಿಲ್ಲ. ಸಂಜೆಯ ಹೊತ್ತಿಗೆ ಹೊಸ ಮಾತ್ರೆ ಬಂತು.

ಮಾವ ಅದನ್ನು ಕೈಯಲ್ಲಿ ಹಿಡಿದುಕೊಂಡು ಅತ್ತೆಗೆ ಹೇಳಿದರು. "ತಗೋತೀನಿ. ದಿನಾ ತಗೋತೀನಿ. ಕೋಳಿ ಬಿಟ್ಬಿಡು."

"ಅದು ನನ್ನ ಕೈಯಾಗಿಲ್ಲ. ಅಮ್ಮಂಗೆ ಹೇಳಿರೋದು."

"ಸರಿ. ಕೋಳಿ ಹೋದ ದಿನ ಮಾತ್ರೇನೂ ಹೋಯ್ತು ಅಂದ್ಕೋ."

ಹೇಳಿ ನುಂಗಿದರು. ಅವರು ಕಂಟ್ರಾಕ್ಟರ್ ಆಗಿದ್ದಾಗಲೂ ಹೇಳಿದ ಮಾತಿನಿಂದ ಹಿಂದೆ ಸರಿದವರಲ್ಲ.

ಅತ್ತೆಗೆ ಅತ್ತ ದರಿ, ಇತ್ತ ಪುಲಿ. ಹರಕೆ ತೀರಿಸಿದರೆ ಗಂಡ ಮಾತ್ರೆ ಬಿಡುತ್ತಾರೆ. ತೀರಿಸದಿದ್ದರೆ ಅಮ್ಮ ಬಿಡುವುದಿಲ್ಲ. ಎರಡು ಕಡೆಯಿಂದಲೂ ಹೋಗುವವರು ಒಬ್ಬರೇ. "ಹರಕೆ ಗಿರಕೆ ಬಿಡಿ ಅತ್ತೆ, ಬಿ.ಪಿ.ಗೂ ಮಾರಮ್ಮನಿಗೂ ಏನು ಸಂಬಂಧ" ಎಂದು ನಾನು ಒಂದು ಸಲ ಹೇಳಿದೆ. ಅವರು "ಆ ಕಾರಿಡಾರಲ್ಲಿ ನಿನ್ ಕೈಲಿ ಏನಾಗ್ತಿತ್ತವ್ವ?" ಎಂದು ಕೇಳಿದರು. ಏನೂ ಆಗುತ್ತಿರಲಿಲ್ಲ. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಅಷ್ಟರಲ್ಲಿ ಕೋಳಿ ಗುಣವಾಯಿತು. ಜುಟ್ಟು ದಾಸವಾಳದ ಬಣ್ಣಕ್ಕೆ ತಿರುಗಿತು. ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೊಕ್ಕರಿಸಿತು. ಮೊಟ್ಟೆಯನ್ನೂ ಇಟ್ಟಿತು. ಶೈಲಜಮ್ಮ ಗೋಡೆಯ ಆಚೆಯಿಂದ, "ಅಬ್ಬ, ಉಳೀತಲ್ಲ" ಎಂದರು. ಆಮೇಲೆ ಸ್ವಲ್ಪ ಯೋಚಿಸಿ, ಗುಣವಾದದ್ದರಿಂದಲೇ ಅದು ಈಗ ಉಳಿಯುವುದಿಲ್ಲ ಎಂದು ಹೊಳೆದು, ಒಳಗೆ ಹೋದರು.

ಯುಗಾದಿಯ ಹಿಂದಿನ ಆ ಮಂಗಳವಾರ ನಾನೂ ರಜೆ ಹಾಕಿದೆ. ಶಶಿ ಕಾರು ಓಡಿಸಿದ. ಅತ್ತೆ ಹಿಂದೆ ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಮಾವ ಬರುವುದಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಬೆಳಗ್ಗೆ ಎಲ್ಲರಿಗಿಂತ ಮೊದಲೇ ಬಿಳೀ ಪಂಚೆ ಉಟ್ಟು ಕಾರಿನಲ್ಲಿ ಕೂತಿದ್ದರು. ಕಳಿಸಿಕೊಡುವುದಾದರೂ ಸರಿಯಾಗಿ ಕಳಿಸಿಕೊಡಬೇಕು ಎನ್ನುವ ಮನುಷ್ಯ ಅವರು. ಮಾಗಡಿ ರಸ್ತೆಯುದ್ದಕ್ಕೂ ಕೋಳಿ ಮಾತ್ರ ಆಗಾಗ ಏನೋ ಹೇಳುತ್ತಿತ್ತು.

ಗುಡಿ ಹೊಲದ ಬದಿಯಲ್ಲಿ, ಒಬ್ಬರು ಬಗ್ಗಿ ಹೋಗುವಷ್ಟು. ಗುಡಿಯ ಮುಂದೆ ಈಗ ಕೊಯ್ಯುವ ಹಾಗಿಲ್ಲ, ಸರ್ಕಾರದ ಕಾನೂನು. ಅಲ್ಲಿ ಕೋಳಿಯ ತಲೆಯ ಮೇಲೆ ಅರಿಶಿನದ ನೀರು ಹಾಕುತ್ತಾರೆ. ಅದು ಮೈ ಒದರಿದರೆ ಅಮ್ಮ ಒಪ್ಪಿದಳು. ಆಮೇಲೆ ತೋಟಕ್ಕೆ ಒಯ್ಯುವುದು. ಅತ್ತೆಯ ತಮ್ಮ ತೋಟದಲ್ಲಿ ಒಲೆ ಹಚ್ಚಿ, ಖಾರ ಅರೆಸಿ ಕಾಯುತ್ತಿದ್ದರು. ಒದರದಿದ್ದರೆ ಕಾಯಬೇಕು, ಬೇಡಬೇಕು, ಮತ್ತೆ ನೀರು ಹಾಕಬೇಕು.

ಪೂಜಾರಿ ಏಕಾಂತಯ್ಯ ಮಂಗಳಾರತಿ ಮಾಡಿ ತಂಬಿಗೆ ಎತ್ತಿಕೊಂಡರು. ಒದರಬೇಡ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ. ಯಾರನ್ನು ಬೇಡಿಕೊಂಡೆ ಎಂದು ಕೇಳಬೇಡಿ. ಮಾವ ಕಣ್ಣು ಮುಚ್ಚಿಕೊಂಡಿದ್ದರು. ನೀರು ಬಿದ್ದದ್ದೇ ತಡ, ಕೋಳಿ ತಲೆಯಿಂದ ಬಾಲದ ತನಕ ಎಂಥಾ ಒದರು ಒದರಿತೆಂದರೆ ಶಶಿಯ ಅಂಗಿಯ ತುಂಬ ಹಳದಿ ಚುಕ್ಕೆಯಾಯಿತು. ಅಷ್ಟು ಆರೋಗ್ಯವಾಗಿತ್ತು.

"ಒಪ್ಕೊಂಡ್ಳು ತಾಯಿ. ಕೊಡವ್ವ," ಎಂದು ಏಕಾಂತಯ್ಯ ಕೈ ಚಾಚಿದರು.

ಅತ್ತೆ ಕೊಡಲಿಲ್ಲ. ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಗುಡಿಯ ಹೊಸ್ತಿಲ ತನಕ ಹೋಗಿ ನಿಂತರು. ನೆರೆಯವರ ಜೊತೆ ಮಾತನಾಡುವ ದನಿಯಲ್ಲೇ ಹೇಳಿದರು.

"ನೋಡವ್ವ, ನೀನು ಒಪ್ಪಿದ್ದು ನೋಡ್ದೆ. ನಿನ್ನ ತಪ್ಪಿಲ್ಲ. ಆದ್ರೆ ಇದು ಅವರ ಮಾತ್ರೆ ಎಲ್ಲಾ ತಾನು ತಿಂದು ಸಾಯಂಗಾಗಿತ್ತು. ಅವರಿಗೋಸ್ಕರ ಒಂದ್ಸಲ ಸತ್ತಂಗೇ ಅದು. ಎರಡನೇ ಸಲ ನಾನು ಕೇಳಕಿಲ್ಲ. ಕೋಳೀನ ವಾಪಸ್ಸು ತಕ್ಕೊಂಡು ಹೋಯ್ತೀನಿ. ಹರಕೆ ಹೊತ್ತೋಳು ನಾನು, ತಪ್ಪಿದೋಳು ನಾನು. ನಿಂಗೆ ಯಾರಾದ್ರೂ ಬೇಕೇ ಬೇಕು ಅಂದ್ರೆ ಅವರ ತಾವ ಹೋಗ್ಬೇಡ. ಅವರ ಬದ್ಲಿ ನಾನಿದೀನಿ, ನನ್ನ ಕರ್ಕೋ."

ಏಕಾಂತಯ್ಯ ಚಾಚಿದ ಕೈಯನ್ನು ಹಾಗೆಯೇ ಇಟ್ಟುಕೊಂಡಿದ್ದರು. ಅತ್ತೆ ಹೊಸ್ತಿಲಿಗೆ ಹಣೆ ಮುಟ್ಟಿಸಿ, ತಿರುಗಿ, ಕಾರಿನ ಕಡೆ ನಡೆದರು. ನಂಬಿಕೆ ಇಲ್ಲದವಳು ಅಂಥ ಮಾತು ಆಡಿದ್ದರೆ ಅದು ಬರೀ ಮಾತು. ಅತ್ತೆ ನಂಬಿದವರು. ಅವರು ನಿಜವಾಗಿಯೂ ತಮ್ಮನ್ನು ಅಲ್ಲಿ ಇಟ್ಟುಬಂದಿದ್ದರು. ಮಾವ ಬಹಳ ಹೊತ್ತು ಗುಡಿಯ ಮುಂದೆಯೇ ನಿಂತಿದ್ದು, ಕೊನೆಗೆ ಶಶಿ ಕರೆದ ಮೇಲೆ ಬಂದು ಕೂತರು. ತೋಟದಲ್ಲಿ ಅರೆಸಿದ ಖಾರಕ್ಕೆ ಅಲಸಂದೆ ಕಾಳು ಹಾಕಿ ಸಾರು ಮಾಡಿದ್ದರು. ಯಾರೂ ಹೊಟ್ಟೆ ತುಂಬ ತಿನ್ನಲಿಲ್ಲ.

ಮರುದಿನವೂ ನಾನು ರಜೆ ಹಾಕಿದೆ. ಮನೆಯಲ್ಲಿ ಕಾಯಿಲೆ ಎಂದು ತಿಳಿಸಿದೆ, ಯಾರಿಗೆ ಎಂದು ಹೇಳಲಿಲ್ಲ. ಮಧ್ಯಾಹ್ನ ಮತ್ತೆ ಬಚ್ಚಲಿನ ಕಿಟಕಿಯಲ್ಲಿ ನಿಂತೆ. ಈ ಸಲ ತನಿಖೆ ಎಂಬ ನೆಪವೂ ಇರಲಿಲ್ಲ.

ಅತ್ತೆ ಮೆಟ್ಟಿಲ ಮೇಲೆ ತಟ್ಟೆ ತಂದಿಟ್ಟರು. ಮಾತ್ರೆ ತಟ್ಟೆಯ ಅಂಚಿನಲ್ಲಿ, ಉಪ್ಪಿನ ಪಕ್ಕ, ಎಲ್ಲರಿಗೂ ಕಾಣುವ ಹಾಗೆ ಇತ್ತು. ಮಾವ ಅದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಅತ್ತೆ ಒಳಗೆ ಹೋಗಲು ತಿರುಗಿದರು.

"ಕೂತ್ಕೊ," ಎಂದರು ಮಾವ.

ಅತ್ತೆ ಕೆಳಗಿನ ಮೆಟ್ಟಿಲ ಮೇಲೆ ಕೂತರು. ಕೋಳಿ ಎಂದಿನಂತೆ ಬಂದು ಮಾವನ ಮುಂದೆ ನಿಂತಿತು. ಮಾವ ತುಪ್ಪದ ತುದಿಯನ್ನು ಮುರಿದು ಉಂಡೆ ಮಾಡಿದರು. ಮೊಣಕಾಲಿನಿಂದ ಕೋಳಿಯನ್ನು ಪಕ್ಕಕ್ಕೆ ಸರಿಸಿದರು. ಉಂಡೆಯನ್ನು ಅಂಗೈ ಮೇಲಿಟ್ಟು ಅತ್ತೆಯ ಮುಂದೆ ಚಾಚಿದರು.

"ತಿನ್ನು. ಮೊದ್ಲನೇ ತುತ್ತು ನಿಂದು," ಎಂದರು.

ಅತ್ತೆ ಆ ಕೈಯನ್ನೇ ನೋಡಿದರು. ಆ ತುತ್ತು ಯಾರಿಗೆ, ಯಾಕೆ ಸಲ್ಲುತ್ತದೆ ಎಂದು ಅವರಿಗೆ ಗೊತ್ತಿತ್ತು. ನಾನೇ ಹೇಳಿದ್ದೆ. ಉಂಡೆಯನ್ನು ತೆಗೆದುಕೊಂಡು, ಎರಡು ಹೋಳು ಮಾಡಿ, ಬೆಳಕಿಗೆ ಹಿಡಿದು ಒಳಗೆ ಏನಾದರೂ ಇದೆಯೇ ಎಂದು ನೋಡಿದರು.

"ಏನೂ ಇಲ್ಲ," ಎಂದರು ಮಾವ.

ಅತ್ತೆ ಎರಡು ಹೋಳನ್ನೂ ಮತ್ತೆ ಸೇರಿಸಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಅಗಿಯದೆ ನುಂಗಿದರು.